ಅಡುಗೆಯವನ ಹಡಗು

ಬೆಲ್ಮೀರು ಮೊದಲು ಕೆತ್ತಿದ್ದು ಒಲೆ.
ಹಡಗಿಗೆ ಇನ್ನೂ ಬೆನ್ನೆಲುಬಿಲ್ಲ, ಪಕ್ಕೆಲುಬಿಲ್ಲ,
ಕಡಲೆಕಾಳಿನಷ್ಟು ಒಲೆಯೊಂದೇ ಮೇಜಿನ ಮೇಲೆ;
ಅದಕ್ಕೊಂದು ಬಾಗಿಲು, ಬಾಗಿಲಿಗೊಂದು ಚಿಲಕ.
"ಯಾರಾದರೂ ಹೀಗೆ ಶುರುಮಾಡುತ್ತಾರಾ?" ಎಂದೆ.
"ನನಗೆ ಗೊತ್ತಿರುವುದು ಇಷ್ಟೇ, ದೆವುಲಿಂದ.
ಹದಿನೇಳು ವರ್ಷ ಸಮುದ್ರ ನೋಡಿದ್ದು ಹೊಗೆಗಂಡಿಯಲ್ಲಿ."

ನಿಜ. ಇಲ್ಯಾವುವಿನ ಗಂಡಸರೆಲ್ಲ
ಕಾಡ್ ಮೀನಿನ ಬೆನ್ನುಹತ್ತಿ ಗ್ರೀನ್‌ಲ್ಯಾಂಡಿನತ್ತ ಹೋಗುತ್ತಿದ್ದಾಗ
ಇವನು ಆರಾರು ತಿಂಗಳು ಆಲೂಗಡ್ಡೆ ಸುಲಿಯುತ್ತಿದ್ದ.

ನಕ್ಷೆ ಬೇಡವಂತೆ, ಪೆಟ್ಟಿಗೆಯಲ್ಲಿ ಬರುವ ತಯಾರು ತುಂಡುಗಳೂ ಬೇಡ.
ಗಾಳಿಗೆ ಬಿದ್ದ ಹಿತ್ತಲ ಚೆರ್ರಿ ಮರ ಎರಡು ವರ್ಷ ಒಣಗಿತ್ತು;
ಸೀಳಿದ, ಹೆರೆದ, ಕಾಗದದಷ್ಟು ತೆಳ್ಳಗಾದ ಹಲಗೆಗಳನ್ನು
ನನ್ನ ಸೂಪಿನ ಪಾತ್ರೆಯಲ್ಲೇ ಕುದಿಸಿದ,
ಮೆತ್ತಗಾದದ್ದೇ ಪಕ್ಕೆಗೆ ಬಾಗಿಸಿ ಗುಂಡುಸೂಜಿ ಚುಚ್ಚಿದ.
ವಾರವಿಡೀ ನಮ್ಮ ಸೂಪಿಗೆ ಮರದ ಒಗರು.

ಆಮೇಲೆ ನಿಂತುಹೋಯಿತು. ಕಂಬದ ಎತ್ತರವೆಷ್ಟು, ವಾಲುವುದೆಷ್ಟು?
ಹಳಬರಿಗೆ ಹೇಳಿಕಳಿಸಿದ.
ಬಂದ ಎರ್ಮೆಲಿಂದು, ಹಾಯಿ ಎಳೆಯುತ್ತಿದ್ದವನು:
ಹಗ್ಗಗಳೆಲ್ಲ ಅವನ ಅಂಗೈಗೆ ಗೊತ್ತು, ಬಾಯಿಗೆ ಗೊತ್ತಿಲ್ಲ.
ಬಂದ ಜೆರ್ವಾಜಿಯು, ತಳದ ಉಗ್ರಾಣದಲ್ಲಿ ಮೀನಿಗೆ ಉಪ್ಪು ಬಡಿಯುತ್ತಿದ್ದವನು:
"ಒಳಗಿಳಿಯಲು ಹನ್ನೊಂದು ಮೆಟ್ಟಿಲು,
ಕತ್ತಲಲ್ಲಿ ಇಳಿದವನ ಲೆಕ್ಕ ತಪ್ಪುವುದಿಲ್ಲ."
ಬಾಟಲಿ ಖಾಲಿಯಾಯಿತು, ನಡುಗಂಬ ಇನ್ನೂ
ಮೇಜಿನ ತುಂಬ ಹಿಂದೆ ಮುಂದೆ ಓಡಾಡುತ್ತಿತ್ತು.
ಮೂವರೂ ಅದರ ಹೊಟ್ಟೆಯಲ್ಲಿ ಅರ್ಧ ಆಯುಷ್ಯ ಕಳೆದವರು;
ಮುಖ ನೋಡಿದವರಿಲ್ಲ.

ಸೂಜಿಗೆ ದಾರ ಪೋಣಿಸುತ್ತ ನಾನೆಂದೆ:

ಬಿಳಿ, ಆದರೆ ಅಚ್ಚ ಬಿಳಿಯಲ್ಲ.
ಲಂಗರಿನ ತೂತಿನಿಂದ ಕೆಳಕ್ಕೆ, ಕೆಟಲಿನ ಮೂತಿಯಿಂದ
ಸೋರಿದ ಚಹಾದ ಹಾಗೆ, ತುಕ್ಕಿನ ಗೆರೆ.
ಹಿಂಬದಿಗೆ ಬರೆದ 'ಮರಿಯ ಸೆಲೆಷ್ಟಿನ'ದಲ್ಲಿ
ಕೊನೆಯ ಅಕ್ಷರ ಜಾಗ ಸಾಲದೆ ಇರುಕಿಕೊಂಡಿತ್ತು.
ಕಂಬ ನಾಲ್ಕು. ಹಿಂದಿನದು ತುಸು ಕುಳ್ಳ.
ಹೊರಡುವಾಗ ಬಲಕ್ಕೆ ವಾಲುತ್ತಿತ್ತು,
ಎಡಗೈಯಲ್ಲಿ ತುಂಬಿದ ಬಕೀಟು ಹಿಡಿದವಳಂತೆ.
ದೀಪಸ್ತಂಭ ದಾಟಿದ ಮೇಲೆ ಮೊದಲು ಒಡಲು ಮುಳುಗುತ್ತದೆ,
ಆಮೇಲೆ ಕಂಬ, ಒಂದೊಂದೇ.
ಹದಿನೇಳು ಸಲ ನೋಡಿದ್ದೇನೆ, ತುದಿ ಮುಳುಗುವ ತನಕ.

ಮೂವರು ಮುದುಕರು ನನ್ನನ್ನೇ ನೋಡಿದರು.
ಆಮೇಲೆ ಪೆನ್ಸಿಲು ಹುಡುಕಿದರು.

ಅಲ್ಲಿಂದ ಸಲೀಸು. ನನ್ನ ಹೊಲಿಗೆಯ ದಾರ, ಅದಕ್ಕೆ ಮೇಣ,
ಸಾಸಿವೆಯಷ್ಟು ರಾಟೆಗಳು; ತೂತು ಕೊರೆದದ್ದು ನನ್ನ ಸೂಜಿ,
ಬೈದದ್ದು ಅವನ ಬಾಯಿ.
ಹಾಯಿಗೆ ಅವನದೇ ಹಳೆಯ ಏಪ್ರನ್ನು.
ಎಷ್ಟು ಕುದಿಸಿದರೂ ಹೋಗದ ಜಿಡ್ಡಿನ ಕಲೆಯೊಂದು
ಮುಂದಿನ ಹಾಯಿಗೇ ಬಂದಿದೆ. ಇರಲಿ.

ಕೊನೆಗೆ ಪುಟ್ಟ ದೋಣಿಗಳು.
ಒಬ್ಬೊಬ್ಬನೇ ಮಂಜಿಗಿಳಿದು ಗಾಳ ಹಾಕುತ್ತಿದ್ದ ಚಪ್ಪಟೆ ತಳದವು;
ಸಂಜೆಗೆ ಡೆಕ್ಕಿನ ಮೇಲೆ, ತೊಳೆದ ಬಟ್ಟಲುಗಳ ಹಾಗೆ, ಒಂದರೊಳಗೊಂದು.
"ನಲವತ್ತೆರಡು," ಎಂದ ಎರ್ಮೆಲಿಂದು.
"ನಲವತ್ತೊಂದು," ಎಂದ ಜೆರ್ವಾಜಿಯು.
ಇದೊಂದಕ್ಕೆ ಇಬ್ಬರೂ ಜಗಳವಾಡಲಿಲ್ಲ.

ಬೆಲ್ಮೀರು ನಲವತ್ತೆರಡು ಕೆತ್ತಿದ.
ನಲವತ್ತೊಂದನ್ನು ಅಂಟಿಸಿದ.
ಒಂದು ವರ್ಷ ಮನೆಗೆ ಬಂದವನು ತಿಂಗಳುಗಟ್ಟಲೆ
ಊಟಕ್ಕೆ ಒಂದು ತಟ್ಟೆ ಹೆಚ್ಚಿಟ್ಟು, ಮಾತಿಲ್ಲದೆ ಎತ್ತಿಡುತ್ತಿದ್ದ;
ಮರೆವು ಅಂದುಕೊಂಡಿದ್ದೆ.

ಹಡಗು ಈಗ ಬೀದಿಯ ಕಿಟಕಿಯಲ್ಲಿದೆ. ಮಕ್ಕಳು ಮೂಗೊತ್ತಿ ನೋಡುತ್ತಾರೆ.
ಒಲೆ ಕಾಣುವುದಿಲ್ಲ, ಮೇಲೆ ಹಲಗೆ ಮುಚ್ಚಿದೆ;
ಚಿಲಕ ಹಾಕಿದ್ದಾನೋ ಇಲ್ಲವೋ ಕೇಳಬೇಕು.

ನಲವತ್ತೆರಡನೆಯದು ಚಮಚಗಳ ಖಾನೆಯಲ್ಲಿದೆ.
ಬೆಳಿಗ್ಗೆ ಕಾಫಿ ಕಲಕಲು ಕೈ ಹಾಕಿದರೆ ಅದೇ ಸಿಗುತ್ತದೆ.
ಮತ್ತೆ ಅಲ್ಲೇ ಇಡುತ್ತೇನೆ,
ಮೂತಿ ಬಾಗಿಲ ಕಡೆಗೆ.